ಇಂಜಿನ್ನಿನಲ್ಲಿ ಕಂಡ ಬೆಣ್ಣೆ



ಕಳೆದ ವಾರ ಮೈಸೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ನಮ್ಮ ತಂದೆಯ ಕಾರಿನ ಆಯಿಲ್ ಮುಚ್ಚಳದ ಒಳಗೆ ಬಿಳಿ ಬೆಣ್ಣೆಯಂಥದ್ದು ಕಟ್ಟಿದೆ. ಇಂಜಿನ್ ಹೋಯಿತು ಎನ್ನುತ್ತಿದ್ದಾರೆ. ನಿಮ್ಮ ಕಾರಿಗೂ ಹೀಗೇ ಆಗಿತ್ತಲ್ಲವೇ?" ಎಂದು ಕೇಳಿದ. ಆಗಿತ್ತು. ಆ ಪ್ರಸಂಗವನ್ನು ಇದುವರೆಗೆ ಬರೆಯದಿರಲು ಕಾರಣ ಮರೆವಲ್ಲ, ಸಂಕೋಚ. ಅದರಲ್ಲಿ ಇಂಜಿನ್ನಿನ ತಪ್ಪಿಗಿಂತ ಮೇಷ್ಟ್ರ ತಪ್ಪೇ ಹೆಚ್ಚಾಗಿದೆ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿವೃತ್ತನಾದದ್ದು 2020ರ ಮೇ 31ರಂದು. ಅದು ಎಂಥ ವರ್ಷವೆಂಬುದನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯೇ ಜೂನ್ ಕೊನೆಯ ವಾರಕ್ಕೆ ಹೋಗಿತ್ತು. ಬೀಳ್ಕೊಡುಗೆ ಸಮಾರಂಭವಿಲ್ಲ, ಹಾರವಿಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮುಖಗವುಸು ಧರಿಸಿದ ಐದಾರು ಮಂದಿ ದೂರ ದೂರ ನಿಂತು ಕೈಮುಗಿದರು, ಅಷ್ಟೇ. ಬಿ.ಎಡ್. ಮುಗಿಸಿ ಬಂದ ಹೊಸತರಿಂದ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಪಾಠ ಮಾಡಿದವನು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದ ಕಾರಿನ ಬಳಿ ಹೋದೆ.

ಕಾರೆಂದರೆ 2009ರಲ್ಲಿ ಕೊಂಡ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಗಾಡಿ ನಮ್ಮಂಥ ಮೇಷ್ಟ್ರುಗಳ ಎಷ್ಟು ಮನೆಗಳ ಮುಂದೆ ನಿಂತಿತ್ತೋ ಲೆಕ್ಕವಿಲ್ಲ. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ನಿಲ್ಲಿಸಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ ಎಂದು ಯಾರೋ ಹೇಳಿದ್ದರು. ಹಾಗಾಗಿ ದಿನವೂ ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿ, ಗಡಿಯಾರ ನೋಡಿ ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಆರಿಸುವುದನ್ನು ವ್ರತದಂತೆ ನಡೆಸಿದೆ. ಶಾಲೆಯ ಘಂಟೆ ತಪ್ಪಿದ ಮೇಲೆ ಆ ಹತ್ತು ನಿಮಿಷವೇ ನನ್ನ ಮೊದಲ ಪಿರಿಯಡ್ ಆಯಿತು. ಲಾಕ್‌ಡೌನ್ ಸಡಿಲವಾದ ಮೇಲೂ ಓಡಾಟವೇನೂ ಹೆಚ್ಚಲಿಲ್ಲ. ಮನೆಯಿಂದ ಅಡಿಕೆ ತೋಟಕ್ಕೆ ಒಂದೂವರೆ ಕಿಲೋಮೀಟರ್, ಅಲ್ಲಿಂದ ಬ್ಯಾಂಕು, ಸಂಜೆ ಪುಷ್ಕರಣಿಯ ಕಡೆ ಒಂದು ಸುತ್ತು ಹೋಗಿ, ವಸಂತ ಮಂಟಪಕ್ಕೆ ಎದುರಾಗಿ ಸ್ವಲ್ಪ ಹೊತ್ತು ಕೂತು ಬರುವುದು. ಕಾರಿನ ಪ್ರಪಂಚ ಇಷ್ಟೇ ಆಗಿತ್ತು.

ಡಿಸೆಂಬರಿನಲ್ಲಿ ನಮ್ಮ ಸಂತೇಬೆನ್ನೂರಿನಲ್ಲಿ ಬೆಳಗಿನ ಮಂಜು ಎಷ್ಟು ದಟ್ಟವಾಗಿರುತ್ತದೆಂಬುದು ಇಲ್ಲಿ ಓದಿದವರಿಗೆಲ್ಲ ಗೊತ್ತು. ಅಂಥದೊಂದು ಬೆಳಿಗ್ಗೆ ಬಾನೆಟ್ ಎತ್ತಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದರೆ ಒಳಬದಿಯ ತುಂಬ ಹಳದಿ ಬೆರೆತ ಬಿಳಿಯ ಮುದ್ದೆ! ಬೆರಳಿಗೆ ಹತ್ತಿಸಿ ನೋಡಿದೆ. ಮೆತ್ತಗೆ, ಜಿಗುಟಾಗಿ, ಆಗತಾನೇ ಕಡೆದ ಬೆಣ್ಣೆಯಂತೆ. ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ಇಣುಕಿ, "ಇದೇನ್ರೀ, ಕಾರು ಮಜ್ಜಿಗೆ ಕಡೀತಿದೆಯಾ?" ಎಂದಳು. ನನಗೆ ನಗು ಬರಲಿಲ್ಲ. ಆಕೆಯ ಹೃದಯದ ತಪಾಸಣೆಗೆ ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಬೇಕಾಗಿತ್ತು. ಕೊರೊನಾ ಭಯದಲ್ಲಿ ತುಂಬಿದ ಬಸ್ಸಿಗೆ ಆಕೆಯನ್ನು ಹತ್ತಿಸಲು ಧೈರ್ಯವಿಲ್ಲದೆ ಕೆಲವು ತಿಂಗಳು ಹೋಗುವುದನ್ನೇ ತಪ್ಪಿಸಿದ್ದೆವು. ಇನ್ನು ಕಾರಿನಲ್ಲಿ ಹೋಗೋಣವೆಂದು ಆಗತಾನೇ ನಿಶ್ಚಯಿಸಿದ್ದೆವು. ನಿವೃತ್ತಿಯ ಹಣ ಇನ್ನೂ ಕೈಗೆ ಬಂದಿರಲಿಲ್ಲ.

ಹತ್ತಿರದ ಪಟ್ಟಣದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವರು ಮುಚ್ಚಳವನ್ನು ಮಾತ್ರ ನೋಡಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ನೀರು ಆಯಿಲಿಗೆ ಸೇರ್ತಿದೆ. ಹೆಡ್ ಇಳಿಸಬೇಕು, ಫೇಸಿಂಗ್ ಮಾಡಿಸಬೇಕು. ಇಪ್ಪತ್ತೆರಡು ಸಾವಿರ ಆಗುತ್ತೆ" ಎಂದರು. ಅವರಲ್ಲೇ ಒಬ್ಬ, "ಇಂಜಿನ್ನಿಗೆ ಪ್ರೆಶರ್ ನೀರು ಹೊಡೆಸಿದ್ರಾ?" ಎಂದು ಕೇಳಿದ. ಆ ಪ್ರಶ್ನೆ ನನ್ನ ತಲೆಯಲ್ಲಿ ಮುಳ್ಳಿನಂತೆ ಕೂತಿತು. ಆ ವರ್ಷದ ಆಯುಧಪೂಜೆಗೆ ನಮ್ಮೂರಿನ ರಸ್ತೆ ಬದಿಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ವಾಟರ್ ಸರ್ವಿಸ್ ಮಾಡುತ್ತಿದ್ದ ಹುಡುಗನ ಬಳಿ ಕಾರು ತೊಳೆಸಿದ್ದೆ. ಬಾನೆಟ್ ಎತ್ತಿ ಇಂಜಿನ್ನನ್ನೂ ತೊಳೆದಿದ್ದ. ಅವನೂ ನನ್ನ ವಿದ್ಯಾರ್ಥಿಯೇ, ಒಂಬತ್ತನೆಯ ತರಗತಿಯಲ್ಲಿ ಕೊನೆಯ ಬೆಂಚು, ಹತ್ತನೆಯದನ್ನು ಮುಗಿಸಲಿಲ್ಲ.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಊರಿಗೆ ಹಿಂದಿರುಗಿ ನೇರ ಬಸ್ ನಿಲ್ದಾಣದ ಬಳಿಯ ಚಹದಂಗಡಿಗೆ ಹೋದೆ. ಅವನು ಅಲ್ಲಿ ನಾಲ್ಕಾರು ಜನರೊಂದಿಗೆ ನಿಂತಿದ್ದ. ಎಲ್ಲರೆದುರಿಗೆ, ತರಗತಿಯಲ್ಲಿ ಬೈಯುತ್ತಿದ್ದ ಅದೇ ದನಿಯಲ್ಲಿ, "ಇಂಜಿನ್ನಿನೊಳಗೆ ನೀರು ನುಗ್ಗಿಸಿ ನನ್ನ ಕಾರು ಹಾಳು ಮಾಡಿದೆಯಲ್ಲೋ! ಓದಂತೂ ಹತ್ತಲಿಲ್ಲ, ಮಾಡೋ ಕೆಲಸವಾದರೂ ನೆಟ್ಟಗೆ ಮಾಡಬಾರದೇ?" ಎಂದೆ. ಅವನು, "ಇಲ್ಲ ಸಾರ್, ಮುಚ್ಚಳ ಬಿಗಿಯಾಗಿತ್ತು ಸಾರ್" ಎಂದಷ್ಟೇ ಹೇಳಿ ಲೋಟ ಇಟ್ಟು ಹೊರಟುಹೋದ. ಸಣ್ಣ ಊರಿನಲ್ಲಿ ಮೇಷ್ಟ್ರ ಮಾತಿಗೆ ಬೇಡದಷ್ಟು ತೂಕವಿರುತ್ತದೆ. ಹದಿನೈದು ದಿನಗಳಲ್ಲಿ ನಮ್ಮ ಬೀದಿಯ ಯಾವ ಗಾಡಿಯೂ ಅವನ ಚಪ್ಪರಕ್ಕೆ ಹೋಗದಂತಾಯಿತು. ಆಗ ನಾನು ಅದನ್ನು ಗಮನಿಸಲೂ ಇಲ್ಲ.

ಇಪ್ಪತ್ತೆರಡು ಸಾವಿರ ಹೊಂದಿಸುವ ಯೋಚನೆಯಲ್ಲಿದ್ದಾಗ ಮನೆಗೆ ಬಂದವನು ಇನ್ನೊಬ್ಬ ಹಳೆಯ ವಿದ್ಯಾರ್ಥಿ. ದಾವಣಗೆರೆಯಲ್ಲಿ ಐ.ಟಿ.ಐ. ಮಾಡಿ, ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ಹತ್ತು ವರ್ಷ ದುಡಿದು, ಕೊರೊನಾ ಕಾಲದಲ್ಲಿ ಊರಿಗೆ ಮರಳಿದ್ದವ. ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ. ಅವನು ಬಾನೆಟ್ ಎತ್ತುವ ಮೊದಲು ಕಟ್ಟೆಯ ಮೇಲೆ ಕೂತು ವೈದ್ಯರಂತೆ ಪ್ರಶ್ನೆ ಕೇಳತೊಡಗಿದ. ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ? ಕೊನೆಯ ಸಲ ದೂರದೂರಿಗೆ ಹೋದದ್ದು ಯಾವಾಗ? ಯಾವತ್ತಾದರೂ ಇಂಜಿನ್ ಕುದಿ ಬಂದಿತ್ತೇ? ರೇಡಿಯೇಟರಿಗೆ ಪದೇ ಪದೇ ನೀರು ಹಾಕಬೇಕಾಗುತ್ತದೆಯೇ? ನಾನು ಉತ್ತರಿಸುತ್ತ ಹೋದಂತೆ ಅವನ ಮುಖದಲ್ಲಿ ನಗೆ ಮೂಡಿತು. "ಸಾರ್, ಹೆಡ್ ಬಿಚ್ಚೋದು ಕೊನೆಗೆ. ಮೊದಲು ಕಾಸು ಖರ್ಚಿಲ್ಲದ ಪರೀಕ್ಷೆ ಮಾಡೋಣ" ಎಂದ.

ಗ್ಯಾಸ್ಕೆಟ್ ಎಂದರೇನೆಂದು ಗೊತ್ತಿಲ್ಲದವರಿಗಾಗಿ ಒಂದು ಮಾತು. ಇಂಜಿನ್ನಿನ ಕೆಳಗಿನ ಗಟ್ಟಿ ಭಾಗ ಬ್ಲಾಕ್. ಅದರ ಮೇಲೆ ಕೂರಿಸಿದ ಮುಚ್ಚಳದಂಥದ್ದು ಹೆಡ್. ಇವೆರಡರ ನಡುವೆ ಇರುವ ತೆಳ್ಳನೆಯ ಹಾಳೆಯೇ ಗ್ಯಾಸ್ಕೆಟ್. ಸಿಲಿಂಡರಿನೊಳಗಿನ ಬೆಂಕಿ, ತಂಪು ಮಾಡುವ ನೀರು, ಜಾರಿಕೆ ಕೊಡುವ ಎಣ್ಣೆ ಈ ಮೂರೂ ಅಕ್ಕಪಕ್ಕದ ಕಿಂಡಿಗಳಲ್ಲಿ ಒಂದನ್ನೊಂದು ಮುಟ್ಟದಂತೆ ಅದು ಕಾಯುತ್ತದೆ. ಇಂಜಿನ್ ಮಿತಿಮೀರಿ ಕಾದಾಗ ಹೆಡ್ ಸೊಟ್ಟಗಾಗಿ ಈ ಹಾಳೆ ಸೋಲುತ್ತದೆ. ಆಗ ನೀರು ಎಣ್ಣೆಯೊಳಗೆ ಇಳಿಯಬಹುದು, ಸುಟ್ಟ ಅನಿಲ ನೀರಿನೊಳಗೆ ನುಗ್ಗಬಹುದು. ಆದ್ದರಿಂದಲೇ ಅವನ "ಕುದಿ ಬಂದಿತ್ತೇ" ಎಂಬ ಪ್ರಶ್ನೆ. ನನ್ನ ಕಾರು ಎಂದೂ ಕುದಿದಿರಲಿಲ್ಲ.

ಮೊದಲು ಅವನು ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಬಿಳಿ ಬಟ್ಟೆಯ ಮೇಲೆ ಒರೆಸಿದ. ಕಂದು ಬಣ್ಣದ ಶುದ್ಧ ಎಣ್ಣೆ! ಮಟ್ಟವೂ ಏರಿರಲಿಲ್ಲ. "ಮುಚ್ಚಳದಲ್ಲಿ ಬೆಣ್ಣೆ, ಕಡ್ಡಿಯಲ್ಲಿ ಎಣ್ಣೆ. ಗ್ಯಾಸ್ಕೆಟ್ ಹೋಗಿದ್ದರೆ ಕಡ್ಡಿಯಲ್ಲೂ ಹಾಲು ಹಾಕಿದ ಕಾಫಿ ಬರಬೇಕಿತ್ತು ಸಾರ್" ಎಂದ. ಮುಂದೆ, ತಣ್ಣಗಿದ್ದ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದ. (ಬಿಸಿಯಿರುವಾಗ ಯಾರೂ ಅದನ್ನು ಮುಟ್ಟಬೇಡಿ; ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಎರಚುತ್ತದೆ.) ಕೂಲೆಂಟ್ ತಿಳಿ ಹಸಿರಾಗಿತ್ತು, ಮೇಲೆ ಎಣ್ಣೆಯ ಪದರವಿರಲಿಲ್ಲ. ಪಕ್ಕದ ಡಬ್ಬಿಯಲ್ಲಿ ಕೂಲೆಂಟ್ ಎಷ್ಟಿದೆಯೆಂದು ಅಂಟುಪಟ್ಟಿ ಹಚ್ಚಿ ಗೆರೆ ಎಳೆದ. ವಾರದ ಕಾಲ ದಿನವೂ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ನೋಡಿ ಬರೆದಿಡಲು ನನಗೆ ಹೋಂವರ್ಕ್ ಕೊಟ್ಟ. ವಾರದ ಕೊನೆಗೆ ಗೆರೆಗೂ ಕೂಲೆಂಟಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

ಆಮೇಲೆ ಅಡುಗೆಮನೆಯ ಹಳೆಯದೊಂದು ಕಬ್ಬಿಣದ ಹಂಚನ್ನು ಹಿತ್ತಲಿನ ಒಲೆಯ ಮೇಲೆ ಕಾಯಿಸಿದ. ಕಡ್ಡಿಯಿಂದ ಒಂದು ಹನಿ ಎಣ್ಣೆ ಬಿಟ್ಟ, ಸದ್ದಿಲ್ಲದೆ ಹರಡಿತು. ಮುಚ್ಚಳದ ಮುದ್ದೆಯನ್ನು ಸಾಸಿವೆ ಕಾಳಿನಷ್ಟು ಹಾಕಿದ. ಚಟಪಟನೆ ಒಗ್ಗರಣೆಯಂತೆ ಸಿಡಿಯಿತು. ಎಣ್ಣೆಯಲ್ಲಿ ನೀರಿದ್ದರೆ ಅದು ಆವಿಯಾಗುವ ಸದ್ದದು. ದೊಡ್ಡ ಪ್ರಯೋಗಾಲಯಗಳಲ್ಲಿಯೂ ಎಣ್ಣೆಯಲ್ಲಿ ನೀರಿದೆಯೇ ಎಂದು ತಿಳಿಯಲು ಮೊದಲು ಮಾಡುವುದು ಇಂಥದೇ ಪರೀಕ್ಷೆ. ಮುಚ್ಚಳದಲ್ಲಿ ನೀರಿದೆ, ಕೆಳಗಿನ ಎಣ್ಣೆಯಲ್ಲಿ ಇಲ್ಲ, ಕೂಲೆಂಟ್ ಕಡಿಮೆಯಾಗಿಲ್ಲ. ಹಾಗಿದ್ದರೆ ನೀರು ಬಂದದ್ದು ಎಲ್ಲಿಂದ?

ಅವನು ನನ್ನ ಮುಖ ನೋಡಿದ. "ನೀವೇ ಬೋರ್ಡಿನ ಮೇಲೆ ಬರೆಸಿದ್ರಿ ಸಾರ್. ಹೈಡ್ರೋಕಾರ್ಬನ್ ಉರಿದರೆ ಏನು ಬರುತ್ತೆ?"

ನಾನು ಕೂತಲ್ಲೇ ಕುಗ್ಗಿಹೋದೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರು! ಪೆಟ್ರೋಲಿನ ಮುಖ್ಯ ಘಟಕಗಳಲ್ಲೊಂದಾದ ಆಕ್ಟೇನನ್ನೇ ತೆಗೆದುಕೊಳ್ಳಿ. ಅದರ ಎರಡು ಅಣುಗಳು ಇಪ್ಪತ್ತೈದು ಆಮ್ಲಜನಕದ ಅಣುಗಳೊಡನೆ ಉರಿದರೆ ಹದಿನಾರು ಇಂಗಾಲದ ಡೈಆಕ್ಸೈಡ್, ಹದಿನೆಂಟು ನೀರು. ತೂಕದಲ್ಲಿ ಹೇಳುವುದಾದರೆ 228 ಗ್ರಾಂ ಆಕ್ಟೇನಿಗೆ 324 ಗ್ರಾಂ ನೀರು. ಅಂದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ವರ್ಷ ವರ್ಷವೂ ಈ ಸಮೀಕರಣವನ್ನು ಸರಿದೂಗಿಸಲು ಮಕ್ಕಳಿಗೆ ಹೇಳಿಕೊಟ್ಟು, ತಪ್ಪಿದವರ ಕಿವಿ ಹಿಂಡಿ, ಆ ನೀರು ನನ್ನ ಅಂಗಳದಲ್ಲಿ ಎಲ್ಲಿಗೆ ಹೋಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಅದರ ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಕಾಣುವ ಬಿಳಿಹೊಗೆ ಅದೇ. ಆದರೆ ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ಅನಿಲ ಕೆಳಗೆ, ಎಣ್ಣೆಯಿರುವ ಭಾಗಕ್ಕೂ ನುಸುಳುತ್ತದೆ. ಹೊಸ ಇಂಜಿನ್ನಿನಲ್ಲಿಯೂ ಇದು ತಪ್ಪದು. ಈ ಅನಿಲವನ್ನೂ ಆವಿಯನ್ನೂ ಎಳೆದು ಮತ್ತೆ ಉರಿಯಲು ಕಳುಹಿಸಲು ಒಂದು ಕೊಳವೆ, ಪಿ.ಸಿ.ವಿ. ಎಂಬ ಒಂದು ಕವಾಟ ಇರುತ್ತವೆ. ಇಂಜಿನ್ ಚೆನ್ನಾಗಿ ಕಾದರೆ ಎಣ್ಣೆಯಲ್ಲಿ ಸೇರಿದ ನೀರು ಆವಿಯಾಗಿ ಆ ದಾರಿ ಹಿಡಿಯುತ್ತದೆ. ಕಾಯದಿದ್ದರೆ? ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವಂತೆ, ಎಲ್ಲಕ್ಕಿಂತ ತಣ್ಣಗಿರುವ ಮುಚ್ಚಳಕ್ಕೇ ಆವಿ ಬಂದು ತಾಗಿ ನೀರಾಗುತ್ತದೆ. ಚಿಮ್ಮುವ ಎಣ್ಣೆಯೊಡನೆ ಕಡೆದುಕೊಂಡು ಮುದ್ದೆಯಾಗುತ್ತದೆ. ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಹನಿಗಳಿದ್ದರೆ ಇಲ್ಲಿ ಎಣ್ಣೆಯೊಳಗೆ ನೀರಿನ ಹನಿಗಳು. ಎರಡೂ ಎಮಲ್ಷನ್, ಒಂಬತ್ತನೆಯ ತರಗತಿಯ ಕಲಿಲಗಳ ಪಾಠ. ನೀರಿಗೂ ಬಿಳಿ ಬಣ್ಣವಿಲ್ಲ, ಎಣ್ಣೆಗೂ ಇಲ್ಲ. ಸೂಕ್ಷ್ಮ ಹನಿಗಳು ಬೆಳಕನ್ನು ಚದುರಿಸುವುದರಿಂದ ಮುದ್ದೆ ಬೆಳ್ಳಗೆ ಕಾಣುತ್ತದೆ.

ಅಲ್ಲಿಗೆ, ನನ್ನ ಹತ್ತು ನಿಮಿಷದ ವ್ರತವೇ ರೋಗಕ್ಕೆ ಮೂಲವೆಂದಾಯಿತು. ಮೀಟರಿನಲ್ಲಿ ಉಷ್ಣತೆಯ ಮುಳ್ಳು ಮಧ್ಯಕ್ಕೆ ಬಂದರೆ ಕೂಲೆಂಟ್ ಬಿಸಿಯಾಗಿದೆ ಎಂದಷ್ಟೇ ಅರ್ಥ. ಎಣ್ಣೆ ಕಾಯಲು ಇನ್ನೂ ಹೆಚ್ಚು ಹೊತ್ತು ಬೇಕು. ತಣ್ಣನೆಯ ಇಂಜಿನ್ನಿಗೆ ಪೆಟ್ರೋಲೂ ಹೆಚ್ಚು ಸುರಿಯುತ್ತದೆ. ದಿನವೂ ನೀರು ಹುಟ್ಟಿಸಿದೆ, ಒಂದು ದಿನವೂ ಆರಿಸಲಿಲ್ಲ. ನಿಂತಲ್ಲೇ ಓಡಿಸಿದ್ದರಿಂದ ಬ್ಯಾಟರಿಗೂ ಹೇಳಿಕೊಳ್ಳುವಂಥ ಲಾಭವಾಗಲಿಲ್ಲವಂತೆ.

ಆದರೂ ನನ್ನ ಮೊಂಡುತನ ಬಿಡಲಿಲ್ಲ. "ಗ್ಯಾಸ್ಕೆಟ್ ಸರಿಯಿದೆ ಎನ್ನಲು ಪುರಾವೆ?" ಎಂದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸುವ ಉಪಕರಣವಿದೆ, ಸುಟ್ಟ ಅನಿಲವಿದ್ದರೆ ನೀಲಿ ಹಳದಿಯಾಗುತ್ತದೆ, ಆದರೆ ಅದು ಬೆಂಗಳೂರಿನಲ್ಲಿ ಉಳಿದಿದೆ ಎಂದ. ನೀಲಿ ಹಳದಿಯಾಗುವುದೆಂದರೆ ಬ್ರೋಮೋಥೈಮಾಲ್ ಬ್ಲೂ. ಹಿಡಿಯುವುದು ಇಂಗಾಲದ ಡೈಆಕ್ಸೈಡನ್ನು. ಅದನ್ನು ಹಿಡಿಯಲು ಬೆಂಗಳೂರೇಕೆ? ಹೆಂಡತಿಯ ಎಲೆ-ಅಡಿಕೆ ತಟ್ಟೆಯ ಸುಣ್ಣ ತಂದು ನೀರಿನಲ್ಲಿ ಕದಡಿ, ರಾತ್ರಿಯಿಡೀ ತಂಗಲು ಬಿಟ್ಟು, ಬೆಳಿಗ್ಗೆ ತಿಳಿಯನ್ನು ಎರಡು ಗಾಜಿನ ಲೋಟಗಳಿಗೆ ಬಗ್ಗಿಸಿದೆ. ಔಷಧದ ಅಂಗಡಿಯಿಂದ ಎರಡು ದೊಡ್ಡ ಸಿರಿಂಜ್ ತರಿಸಿದೆ. ತಣ್ಣನೆಯ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ಕೂಲೆಂಟಿನ ಮೇಲಿನ ಗಾಳಿಯನ್ನು ಒಂದು ಸಿರಿಂಜಿನಲ್ಲಿ ಎಳೆದು ಒಂದು ಲೋಟದ ತಿಳಿನೀರಿನೊಳಗೆ ಒತ್ತಿದೆ. ಮೂರು ಸಲ, ನಾಲ್ಕು ಸಲ. ನೀರು ತಿಳಿಯಾಗಿಯೇ ಇತ್ತು. ಕೂಲೆಂಟಿನಲ್ಲಿ ಗುಳ್ಳೆಗಳೂ ಏಳಲಿಲ್ಲ. ಹೋಲಿಕೆಗಾಗಿ ಇನ್ನೊಂದು ಸಿರಿಂಜಿನಲ್ಲಿ ಸೈಲೆನ್ಸರಿನ ಹೊಗೆ ಎಳೆದು ಎರಡನೆಯ ಲೋಟಕ್ಕೆ ಬಿಟ್ಟೆ. ಒಂದೇ ಸಲಕ್ಕೆ ಹಾಲಿನಂತೆ ಬೆಳ್ಳಗಾಯಿತು! ನಿವೃತ್ತನಾದ ಮೇಲೆ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ. ಕಂಪೌಂಡಿನಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯವರು ಮಾಟ ಮಾಡಿಸುತ್ತಿದ್ದಾರೆಂದುಕೊಂಡರೋ ಏನೋ.

ಚಿಕಿತ್ಸೆ ಸುಲಭವಾಗಿತ್ತು. ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿದ, ಮುಚ್ಚಳ, ಪಿ.ಸಿ.ವಿ. ಕವಾಟ, ಅದರ ಕೊಳವೆ ಎಲ್ಲವನ್ನೂ ತೊಳೆದ. ಕವಾಟದೊಳಗೂ ಅದೇ ಬೆಣ್ಣೆ ಕಟ್ಟಿತ್ತು. ಥರ್ಮೋಸ್ಟ್ಯಾಟ್ ತೆರೆದುಕೊಂಡೇ ಸಿಕ್ಕಿಬಿದ್ದಿದ್ದರೂ ಇಂಜಿನ್ ಕಾಯುವುದಿಲ್ಲವೆಂದು ಅದನ್ನೂ ನೋಡಿದ, ಸರಿಯಿತ್ತು. ಎಲ್ಲ ಸೇರಿ ಎರಡು ಸಾವಿರವೂ ಆಗಲಿಲ್ಲ. "ವಾರಕ್ಕೊಮ್ಮೆ ದಾವಣಗೆರೆಗೆ ಹೋಗಿಬನ್ನಿ ಸಾರ್. ದಿನಾ ಸ್ಟಾರ್ಟ್ ಮಾಡೋದು ಬಿಡಿ" ಎಂಬುದೇ ಔಷಧ. ಹೋಗಿಬಂದೆವು. ಹೆಂಡತಿಯ ತಪಾಸಣೆಯೂ ಆಯಿತು. ಮೂರನೆಯ ಸಲ ಹಿಂದಿರುಗಿದಾಗ ಮುಚ್ಚಳದೊಳಗೆ ಎಣ್ಣೆಯ ಹೊಳಪಲ್ಲದೆ ಬೇರೇನೂ ಇರಲಿಲ್ಲ. ಇಂಜಿನ್ನಿನ ಬೆಣ್ಣೆ ಕರಗಿಸಲು ಹೋಗಿ ಬೆಣ್ಣೆದೋಸೆ ತಿಂದು ಬರುತ್ತೀರೆಂದು ಮಗಳು ಫೋನಿನಲ್ಲಿ ಹಾಸ್ಯ ಮಾಡುತ್ತಿದ್ದಳು.

ಇದನ್ನು ಓದಿ, ಬಿಳಿ ಮುದ್ದೆ ಕಂಡವರೆಲ್ಲ ನಿಶ್ಚಿಂತೆಯಿಂದ ಮಲಗಬಾರದು. ನನ್ನ ಷಡ್ಡಕರ ಜೀಪಿನಲ್ಲಿ ಕಡ್ಡಿಗೇ ಹಾಲಿನ ಬಣ್ಣ ಹತ್ತಿತ್ತು, ಎಣ್ಣೆಯ ಮಟ್ಟ ಏರಿತ್ತು, ರೇಡಿಯೇಟರಿಗೆ ದಿನವೂ ನೀರು ಬೇಕಾಗುತ್ತಿತ್ತು. ಹಾಗೇ ಒಂದು ವಾರ ಓಡಿಸಿದರು. ನೀರು ಬೆರೆತ ಎಣ್ಣೆಗೆ ಜಾರಿಕೆಯಿಲ್ಲ; ಬೇರಿಂಗುಗಳು ತಿಂದುಹೋಗಿ ಇಂಜಿನ್ ಹಿಡಿದುಕೊಂಡಿತು. ಕಡ್ಡಿಯಲ್ಲಿ ಹಾಲು ಕಂಡರೆ ಸ್ಟಾರ್ಟ್ ಕೂಡ ಮಾಡದೆ ಎಳೆಸಿಕೊಂಡು ಹೋಗಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳ ವಿಷಯವೂ ಹೀಗೆಯೇ. ನೀರಿಳಿದ ಕೂಡಲೇ ಕೀಲಿ ತಿರುಗಿಸಬಾರದು. ಮೈಸೂರಿನ ನನ್ನ ವಿದ್ಯಾರ್ಥಿಗೂ ಮೊದಲು ಕಡ್ಡಿ ನೋಡು ಎಂದೆ. ಶುದ್ಧವಾಗಿದೆ ಎಂದ. ತಂದೆ ದಿನಕ್ಕೆ ಎಷ್ಟು ಓಡಿಸುತ್ತಾರೆ ಎಂದೆ. ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ಎಂದ.

ಈಗ ಆ ಹುಡುಗನ ವಿಷಯ. ಸುಣ್ಣದ ನೀರಿನ ಪ್ರಯೋಗದ ಸಂಜೆಯೇ ಅವನ ಮನೆಗೆ ಹೋದೆ. ಅವನಿರಲಿಲ್ಲ, ಚಪ್ಪರ ಮುಚ್ಚಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಾನೆಂದು ತಾಯಿ ಹೇಳಿದರು. ಪಂಪಿನ ಸಾಲದ ಕಂತು ಇನ್ನೂ ಉಳಿದಿತ್ತಂತೆ. ನನ್ನ ತಪ್ಪಾಯಿತೆಂದು ಅವರೆದುರು ಹೇಳಿದೆ. ಆ ತಾಯಿ ಕುರ್ಚಿ ಹಾಕಿ, ನೀರು ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಇಲ್ಲಿ ಬಂದು ಹೇಳಿದ್ದು ದೊಡ್ಡದು. ಆದ್ರೆ ನೀವು ಬೈದಿದ್ದು ಇಲ್ಲಲ್ಲ" ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ಚಹದಂಗಡಿಗೆ ಹೋದೆ. ಅಷ್ಟೇ ಜನ ಇದ್ದರು, ಹೆಚ್ಚೂಕಡಿಮೆ ಅವರೇ. ಮೂವತ್ತು ವರ್ಷ ತರಗತಿಯ ಮುಂದೆ ನಿಂತವನಿಗೆ ಆ ಆರು ಜನರ ಮುಂದೆ ಬಾಯಿ ಒಣಗಿತು. ಕಾರಿಗೆ ನೀರು ಸೇರಿಸಿದವನು ನಾನೇ, ಆ ಹುಡುಗನಲ್ಲ, ಅವನು ಸರಿಯಾಗಿಯೇ ತೊಳೆದಿದ್ದ ಎಂದು ಹೇಳಿದೆ. ಕಾರಣ ವಿವರಿಸಲು ಹೊರಟೆ. ಯಾರಿಗೂ ಅದು ಬೇಕಿರಲಿಲ್ಲ. ಅಂಗಡಿಯವರು ಮಾತ್ರ, "ಆಯ್ತು ಬಿಡಿ ಸಾರ್, ಕೂತ್ಕೊಳ್ಳಿ" ಎಂದರು. ನಮ್ಮ ಬೀದಿಯ ಮನೆಗಳಿಗೂ ಹೋಗಿ ಹೇಳಿದೆ. ಕೆಲವರು ಮತ್ತೆ ಅವನಿಗೇ ಗಾಡಿ ಕೊಡುತ್ತೇವೆಂದರು. ಕೆಲವರು ಆಗಲೇ ಬೇರೆಡೆ ರೂಢಿ ಮಾಡಿಕೊಂಡಿದ್ದರು.

ಚಪ್ಪರ ತೆರೆದದ್ದು ಯುಗಾದಿ ಕಳೆದ ಮೇಲೆ. ನಾನೇ ಮೊದಲು ಕಾರು ಒಯ್ದೆ. ಅವನು ಹೆಚ್ಚು ಮಾತಾಡಲಿಲ್ಲ. ಬಾನೆಟ್ ಎತ್ತುವ ಮೊದಲು ನನ್ನನ್ನು ಕರೆದು, "ಮುಚ್ಚಳ ಬಿಗಿಯಾಗಿದೆ, ನೋಡ್ಕೊಳ್ಳಿ ಸಾರ್" ಎಂದ. ಇಂದಿಗೂ ಪ್ರತಿ ಸಲ ಹಾಗೆ ಕರೆದು ತೋರಿಸಿಯೇ ತೊಳೆಯುತ್ತಾನೆ. ಬೇಡವೆಂದರೂ ಕೇಳುವುದಿಲ್ಲ, ನಾನೂ ಹೋಗಿ ನೋಡುತ್ತೇನೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಶಾಲೆಯಲ್ಲಿ ವಿಜ್ಞಾನದ ಮಾದರಿ ತರಲು ಹೇಳಿದ್ದಾರಂತೆ. "ಆ ಸುಣ್ಣದ ನೀರಿಂದು ತೋರಿಸಿ ಸಾರ್" ಎಂದ. ಲೋಟದೊಳಗೆ ಕೊಳವೆ ಇಟ್ಟು ಮಗುವಿನಿಂದಲೇ ಊದಿಸಿದೆ. ಬೆಳ್ಳಗಾದಾಗ ಮಗು ಚಪ್ಪಾಳೆ ತಟ್ಟಿತು. ಅವನು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ, "ಇದನ್ನ ಕ್ಲಾಸಲ್ಲಿ ಮಾಡಿದ ದಿನ ನನ್ನನ್ನ ಹೊರಗೆ ನಿಲ್ಲಿಸಿದ್ರಿ" ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ. ನನಗೆ ಆ ದಿನದ ನೆನಪು ಎಷ್ಟು ಕೆದಕಿದರೂ ಬರಲಿಲ್ಲ. ಅವನ ಕೈಗೂ ಒಂದು ಲೋಟ ತಿಳಿನೀರು ಕೊಟ್ಟೆ, ಊದಿದ.

ಕಾರು ಇನ್ನೂ ಇದೆ. 2024ರಲ್ಲಿ ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಿಕೊಂಡೆ. ಈ ಚಳಿಗಾಲದಲ್ಲಿ ಮಳೆ-ಮಂಜು ಎಂದು ಮೂರು ವಾರ ದೂರ ಎಲ್ಲಿಗೂ ಹೋಗಿಲ್ಲ. ನಿನ್ನೆ ಮುಚ್ಚಳ ತೆಗೆದಾಗ ಅಂಚಿನಲ್ಲಿ ಒಂದಿಷ್ಟು ಕೆನೆ ಕಂಡಿತು. ಕಡ್ಡಿ ಶುದ್ಧವಾಗಿದೆ. ಭಾನುವಾರ ದಾವಣಗೆರೆಗೆ ಹೋಗಿಬರಬೇಕು.